ಡ್ರಮ್ ತುಂಬಾ ನೀರಿತ್ತು, ಯಾರೂ ಕುಡಿಯುತ್ತಿರಲಿಲ್ಲ

ರಾಯಚೂರು ಜಿಲ್ಲೆಯ ನಮ್ಮ ಊರಲ್ಲಿ ನಾನು ಉದ್ಯೋಗ ಖಾತ್ರಿ ಕೆಲಸಕ್ಕೆ ಕಾಯಕ ಬಂಧು, ಅಂದರೆ ಕೂಲಿಕಾರರ ಗುಂಪು ನೋಡಿಕೊಳ್ಳುವವಳು ಆಗಿದ್ದೆ. ಹಾಜರಿ, ಅಳತೆ, ನೀರು, ನೆರಳು ಎಲ್ಲಾ ಉಸಾಬರಿ ನನ್ನದೇ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟೋದು ಹೊಸದೇನಲ್ಲ. ಕೆರೆ ಹೂಳು ಎತ್ತುವ ಜಾಗದಲ್ಲಂತೂ ಒಂದು ಗಿಡವೂ ಇರಲ್ಲ.

ಮೊದಲ ಬೇಸಿಗೆ ಎರಡು ಡ್ರಮ್ ನೀರು ತರಿಸಿ, ಮೇಲೆ ಒದ್ದೆ ಗೋಣಿಚೀಲ ಹಾಕಿ, ನನ್ನ ಕೆಲಸ ಮುಗೀತು ಅಂದುಕೊಂಡಿದ್ದೆ. ಕೆಲಸ ಬಿಡುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿದಿರುತ್ತಿತ್ತು. ಒಂದು ದಿನ ಒಬ್ಬಾಕೆ ಬುಟ್ಟಿ ಹೊತ್ತವಳು ತಲೆ ತಿರುಗಿ ಕೂತೇಬಿಟ್ಟಳು, ಕಾಲಿನ ಮೀನಖಂಡ ಹಿಡಿದುಕೊಂಡಿತ್ತು. ಬೆಳಗ್ಗೆಯಿಂದ ಎಷ್ಟು ನೀರು ಕುಡಿದೆ ಅಂತ ಗದರಿದೆ. "ಕುಡಿದ್ರ ಆಮ್ಯಾಲೆ ಎಲ್ಲಿಗಿ ಹೋಗ್ಲಿ ಅಕ್ಕಾ?" ಅಂದಳು.

ಸುತ್ತ ಬಯಲು, ಏರಿ ಮೇಲೆ ಗಂಡಸರು ಬೈಕಿನಲ್ಲಿ ಓಡಾಡ್ತಾನೇ ಇರ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ನಾನೂ ಬರೀ ಬಾಯಿ ಮುಕ್ಕಳಿಸಿ ಉಗುಳಿ ಉರಿಮೂತ್ರ ಮಾಡಿಕೊಂಡವಳೇ. ಕಾಯ್ದೆಯಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಲ್ಲಾ ಇತ್ತು, ಹೆಂಗಸರಿಗೆ ಮೂತ್ರಕ್ಕೆ ಹೋಗೋಕೆ ಒಂದು ಮರೆ ಬೇಕು ಅನ್ನೋದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಮರುದಿನ ನಾಲ್ಕು ಬಿದಿರು ಗಳ ನೆಟ್ಟು, ಹಳೇ ಸೀರೆ, ಗೊಬ್ಬರದ ಚೀಲ ಹೊಲಿದು ಜಾಲಿ ಪೊದೆಯ ಹಿಂದೆ ಮರೆ ಕಟ್ಟಿದೆವು. ಒಳಗೆ ಒಂದು ಕೊಡ ನೀರು, ಒಂದು ತಂಬಿಗೆ. ಗಂಡಸರು ಎರಡು ದಿನ ನಕ್ಕರು, ಆಮೇಲೆ ಸುಮ್ನಾದರು. ಮೂರನೇ ದಿನ ಹತ್ತು ಗಂಟೆಗೇ ಡ್ರಮ್ ಖಾಲಿ!

ಇನ್ನೊಂದು ತೊಡಕು, ಕೂಲಿ ತೆಗೆದ ಮಣ್ಣಿನ ಅಳತೆ ಮೇಲೆ ಅಲ್ವಾ, ಹಾಗಾಗಿ ಸಲಿಕೆ ಬಿಟ್ಟು ಡ್ರಮ್‌ವರೆಗೆ ನಡೆದು ಬರೋಕೆ ಯಾರಿಗೂ ಮನಸ್ಸಿಲ್ಲ. ಅದಕ್ಕೆ ಮಣ್ಣು ಹೊರಲಾಗದ ಒಬ್ಬ ಅವ್ವನನ್ನು ನೀರು ಕೊಡೋಕೆ ಹಚ್ಚಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ನಾನು ಸಲಿಕೆ ಬಡಿದರೆ ಆಕೆ ಸಾಲಿನುದ್ದಕ್ಕೂ ಬಂದು ತಲೆಗೊಂದು ಲೋಟ ಕೊಡುವಳು, ಬಾಯಾರಿಕೆ ಇರಲಿ ಬಿಡಲಿ ಕುಡಿಯಲೇಬೇಕು. ಬೆವರಲ್ಲಿ ಉಪ್ಪೂ ಹೋಗುತ್ತೆ, ಬರೀ ನೀರು ಸಾಲದು, ಅದಕ್ಕೇ ಒಂಬತ್ತಕ್ಕೆ ಬುತ್ತಿ ಬಿಚ್ಚಿದಾಗ ಉಪ್ಪು ಹಾಕಿದ ಮಜ್ಜಿಗೆ. ಸುಸ್ತಾದವರಿಗೆ ಆಶಾ ಅಕ್ಕ ಕೊಟ್ಟ ಓಆರ್‌ಎಸ್. ಇಡೀ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿಯುವವರಿದ್ದರು! ಒಂದು ಲೀಟರಿನ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರೇ ಬೇಕು. ಪೊಟ್ಟಣ ಮುಗಿದರೆ ಅಷ್ಟೇ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮ ಮಾಡಿ. ಮಾತು ತೊದಲಿದರೆ, ಮೈ ಸುಡುತ್ತಿದ್ದರೆ ಮಾತ್ರ ಬಾಯಿಗೆ ಏನೂ ಹಾಕದೆ ನೆರಳಿಗೆ ಎಳೆದು, ಮೈಮೇಲೆ ನೀರು ಸುರಿಯುತ್ತಾ 108ಕ್ಕೆ ಫೋನ್ ಮಾಡಬೇಕು. ಪುಣ್ಯಕ್ಕೆ ನನಗೆ ಆ ಪ್ರಸಂಗ ಬರಲಿಲ್ಲ.

ಬೆಂಗಳೂರಿಂದ ಹಬ್ಬಕ್ಕೆ ಬಂದು ಕೆಲಸಕ್ಕೆ ಇಳಿದ ಹುಡುಗರನ್ನು ಮೊದಲ ನಾಲ್ಕೈದು ದಿನ ಅರ್ಧ ಹೊತ್ತಿಗೇ ಕೂರಿಸುತ್ತಿದ್ದೆ. ಮೈ ಬಿಸಿಲಿಗೆ ಒಗ್ಗಬೇಕಲ್ಲ. ಅವರಿಗೆ ಅದು ಅವಮಾನ, ನನ್ನ ಮೇಲೆ ಸಿಟ್ಟು.

ಮೇ ಕೊನೆಯಲ್ಲಿ ಒಂದು ರಾತ್ರಿ ಜೋರು ಗಾಳಿಗೆ ಮರೆ ಹರಿದು ಹೋಯಿತು. ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಕೆಲಸ ಬಿಟ್ಟಾಗ ನೋಡಿದರೆ, ಒಂದು ಡ್ರಮ್ಮಿನ ಮುಚ್ಚಳವನ್ನೇ ಯಾರೂ ತೆಗೆದಿರಲಿಲ್ಲ.