ಶಿಬಿರ ಬಿಟ್ಟು ಮನೆಗೆ ಬರುವುದು: ನಾನು ಕಲಿತದ್ದು

2018ರಲ್ಲಿ ಆರು ತಿಂಗಳು ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಯ ಕುಟುಪಲಾಂಗ್ ನಿರಾಶ್ರಿತರ ಶಿಬಿರದಲ್ಲಿ ಸ್ವಯಂಸೇವಕಿಯಾಗಿ ನರ್ಸ್ ಕೆಲಸ ಮಾಡಿದೆ. 2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಗಡಿ ದಾಟಿ ಬಂದರು. ಅವರಲ್ಲಿ ಬಹುಪಾಲು ಜನ ನೆಲೆ ನಿಂತದ್ದು ಅಲ್ಲಿನ ಗುಡ್ಡಗಳ ಮೇಲೆ, ಬಿದಿರು ಮತ್ತು ಟಾರ್ಪಾಲಿನ ಗುಡಿಸಲುಗಳಲ್ಲಿ. ಹೋಗುವ ಮುಂಚೆ ನನಗೆ ಲಸಿಕೆ ಹಾಕಿಸಿದರು, ಭದ್ರತೆಯ ಪಾಠ ಹೇಳಿದರು, ಏನೇನು ಕಟ್ಟಿಕೊಳ್ಳಬೇಕೆಂದು ಪಟ್ಟಿ ಕೊಟ್ಟರು. ವಾಪಸ್ ಬರುವಾಗ ಸಂಸ್ಥೆಯವರು ಒಂದು ಫಾರಂ ತುಂಬಿಸಿಕೊಂಡರು, ಅಷ್ಟೇ. ಮನೆಗೆ ಬರುವುದಕ್ಕೂ ತಯಾರಿ ಬೇಕು, ಆ ತಯಾರಿ ಶಿಬಿರದಲ್ಲೇ ಶುರುವಾಗಬೇಕು ಅನ್ನುವುದು ನನಗೆ ತಡವಾಗಿ ತಿಳಿಯಿತು.

ನನ್ನ ಕೆಲಸ ಪೌಷ್ಟಿಕ ಕೇಂದ್ರದಲ್ಲಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಎಡ ತೋಳಿಗೆ ಮುವಾಕ್ ಟೇಪ್, ಅಂದರೆ ತೋಳಿನ ಸುತ್ತಳತೆಯಿಂದ ಅಪೌಷ್ಟಿಕತೆ ಗುರುತಿಸುವ ಬಣ್ಣದ ಪಟ್ಟಿ, ಸುತ್ತಿ ಅಳೆಯುವುದು. 12.5 ಸೆಂಟಿಮೀಟರ್‌ಗಿಂತ ಹೆಚ್ಚಿದ್ದರೆ ಹಸಿರು, 11.5ರಿಂದ 12.5ರ ನಡುವೆ ಹಳದಿ, 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಕೆಂಪು ಬಂದ ಮಗುವಿಗೆ 500 ಕ್ಯಾಲೊರಿಯ ಕಡಲೆಕಾಯಿ ಪೇಸ್ಟಿನ ಪೊಟ್ಟಣಗಳು, ವಾರವಾರ ತೂಕ. ಒಬ್ಬ ತಾಯಿ ತನ್ನ ಮಗನನ್ನು ಕರೆತಂದಾಗ ಟೇಪು 10.8ಕ್ಕೆ ನಿಂತಿತ್ತು. ಏಳು ವಾರದಲ್ಲಿ ಅದು 11.9ಕ್ಕೆ ಬಂತು. ನಾನು ಹೊರಡುವ ಹಿಂದಿನ ದಿನ ಆಕೆ ಕೇಳಿದಳು: "ಆಪಾ (ಅಕ್ಕಾ), ಮತ್ತೆ ಬರ್ತೀರಾ?" ನಮ್ಮ ಮಾತು ತಿಳಿಸುತ್ತಿದ್ದ ರೋಹಿಂಗ್ಯಾ ಹುಡುಗಿ ನನ್ನ ಮುಖ ನೋಡಿದಳು. ನಾನು "ಬರ್ತೀನಿ" ಅಂದುಬಿಟ್ಟೆ.

ನಾನು ಮತ್ತೆ ಹೋಗುವ ಯಾವ ವ್ಯವಸ್ಥೆಯೂ ಇರಲಿಲ್ಲ. ಬೀಳ್ಕೊಡುಗೆಯ ಆ ಹೊತ್ತಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮನೆಗೆ ಬಂದ ಮೇಲೆ ನಿದ್ದೆ ಕೆಡಿಸಿದ್ದು ನೋಡಿದ ಸಾವುಗಳಲ್ಲ, ಆ ಒಂದು ಮಾತು. ಊರು, ಮನೆ, ಹೊಲ ಎಲ್ಲ ಕಳೆದುಕೊಂಡು ಬಂದವರಿಗೆ ನಾನೂ ಒಂದು ಸುಳ್ಳು ಮಾತು ಕೊಟ್ಟು ಬಂದೆನಲ್ಲ ಅನ್ನುವ ಸಂಕಟ. ಮೂರು ವಾರ ಸುಮ್ಮನೆ ಒದ್ದಾಡಿದ ಮೇಲೆ ಆ ಹುಡುಗಿಗೆ ಸಂದೇಶ ಬರೆದೆ: ಅವರಿಗೆ ನಿಜ ಹೇಳು, ನಾನು ಬರಲಾರೆ, ಹೊಸ ನರ್ಸ್ ಹತ್ತಿರ ಮಗುವಿನ ಪೂರ್ತಿ ವಿವರ ಇದೆ. ಎರಡು ದಿನದ ಮೇಲೆ ಉತ್ತರ ಬಂತು. ತಾಯಿಗೆ ಅದು ಮೊದಲೇ ಗೊತ್ತಿತ್ತಂತೆ. ಬರುವವರೆಲ್ಲ ಹಾಗೇ ಹೇಳಿ ಹೋಗುತ್ತಾರಂತೆ.

ಈಗ ಹೋಗುವವರು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಹೊರಡುವ ದಿನಾಂಕವನ್ನು ಕನಿಷ್ಠ ಎರಡು ವಾರ ಮುಂಚೆ ತಾಯಂದಿರಿಗೆ ಬಾಯಿಬಿಟ್ಟು ಹೇಳಿ. ಮುಂದೆ ಬರುವವರನ್ನು ಜೊತೆಗೆ ಕೂರಿಸಿಕೊಂಡು ಒಂದೊಂದು ಮಗುವನ್ನೂ ಅವರ ಕೈಯಿಂದಲೇ ಅಳೆಯಿಸಿ. ರಿಜಿಸ್ಟರಿನಲ್ಲಿ ಇಲ್ಲದ ಸಂಗತಿಗಳನ್ನೂ ಬರೆದಿಡಿ: ಈ ಮಗು ಅಜ್ಜಿ ತಿನ್ನಿಸಿದರೆ ಮಾತ್ರ ತಿನ್ನುತ್ತದೆ, ಆ ತಾಯಿ ಮಳೆ ಬಂದರೆ ಇಳಿಜಾರು ದಾಟಿ ಬರಲಾರಳು. ಮಾತು ಕೊಡಬೇಡಿ. "ನಿಮ್ಮ ಮಗನನ್ನು ನೆನಪಿಟ್ಟುಕೊಳ್ಳುತ್ತೇನೆ" ಅನ್ನಬಹುದು, ಅದು ನಿಮ್ಮ ಕೈಯಲ್ಲಿದೆ.

ಮನೆಯಲ್ಲಿ ಮೊದಲ ಏಟು ಬಿದ್ದದ್ದು ನಲ್ಲಿಯಿಂದ. ಶಿಬಿರಗಳಲ್ಲಿ ನೆರವು ಸಂಸ್ಥೆಗಳು ಪಾಲಿಸುವ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಸಿಗಬೇಕು, ಕುಡಿಯಲು, ಅಡುಗೆಗೆ, ತೊಳೆಯಲು ಎಲ್ಲಕ್ಕೂ ಸೇರಿ. ಅಣ್ಣ ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜುತ್ತಿದ್ದ. ನಾನು ಹಿಂದಿನಿಂದ ಹೋಗಿ ನಲ್ಲಿ ತಿರುಗಿಸಿ, ಕೂಗಾಡಿದೆ. ಅಣ್ಣ ಬಾಯಿತುಂಬ ನೊರೆ ಇಟ್ಟುಕೊಂಡು ನೋಡುತ್ತ ನಿಂತ. ಅವನ ತಪ್ಪೇನೂ ಇರಲಿಲ್ಲ. ಅದೇ ವಾರ ಅವನ ಮಗಳು ನನ್ನ ಚೀಲದಿಂದ ಮುವಾಕ್ ಟೇಪ್ ತೆಗೆದು "ಅತ್ತೆ, ನಂಗೂ ಹಾಕು" ಅಂದಳು. ಸುತ್ತಿದೆ. 16.2, ದಟ್ಟ ಹಸಿರು. ನಾಲ್ಕು ವರ್ಷದ ದುಂಡು ತೋಳು. ಆ ಸಂಖ್ಯೆ ನೋಡಿ ಖುಷಿಯಾಗಬೇಕಿತ್ತು, ಆದರೆ ಟೇಪು ಬಿಚ್ಚಲು ನನ್ನ ಬೆರಳು ಏಳಲಿಲ್ಲ. ಅತ್ತಿಗೆ ಬಂದು ಬಿಚ್ಚಿದರು, ಏನೂ ಕೇಳದೆ ಪಕ್ಕದಲ್ಲಿ ಕೂತರು. ಆ ತಿಂಗಳು ನನಗೆ ಸಿಕ್ಕ ದೊಡ್ಡ ಸಹಾಯ ಅದು.

ಯಾಕೆಂದರೆ ಉಳಿದವರೆಲ್ಲ ಕೇಳುತ್ತಿದ್ದರು. "ಹೇಗಿತ್ತು?" ಅಂತ ಕೇಳಿ, ಎರಡು ನಿಮಿಷದಲ್ಲಿ ಕಣ್ಣು ಬೇರೆ ಕಡೆ ಹೋಗುತ್ತಿತ್ತು. ಮೊದಮೊದಲು ನೊಂದುಕೊಂಡೆ. ಆಮೇಲೆ ಎರಡು ಉತ್ತರ ಸಿದ್ಧ ಮಾಡಿಕೊಂಡೆ: ಮಾತಿಗೆ ಕೇಳುವವರಿಗೆ ಮೂರು ವಾಕ್ಯ, ಕೂತು ಕೇಳುವವರಿಗೆ ಒಂದು ಇಡೀ ಮಗುವಿನ ಕಥೆ, ಹೆಸರಿಲ್ಲದೆ. ಮಕ್ಕಳ ಮುಖವಿರುವ ಫೋಟೊ ಯಾರಿಗೂ ತೋರಿಸಲಿಲ್ಲ, ಎಲ್ಲೂ ಹಾಕಲಿಲ್ಲ. ನೋಡಿದ್ದೆಲ್ಲವನ್ನೂ ಕೂಡಲೇ ಹೇಳಿಸಿಬಿಟ್ಟರೆ ಹಗುರಾಗುತ್ತಾರೆ ಎಂದು ಒತ್ತಾಯ ಮಾಡುವವರಿದ್ದಾರೆ. ಅದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಆದದ್ದನ್ನು ಹೇಳುವಂತೆ ಯಾರನ್ನೂ ಒತ್ತಾಯಿಸಬೇಡಿ ಅನ್ನುತ್ತದೆ. ನಾನು ವಾರಕ್ಕೊಮ್ಮೆ, ಅದೇ ಕೇಂದ್ರದಲ್ಲಿ ದುಡಿದು ನನ್ನ ಆಸುಪಾಸಿನಲ್ಲೇ ವಾಪಸಾದ ಒಬ್ಬ ಸಹೋದ್ಯೋಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಕೆಲವು ವಾರ ಹವಾಮಾನದ ಮಾತಷ್ಟೇ. ಅದೂ ಸಾಕಾಗುತ್ತಿತ್ತು.

ದೇಹವನ್ನೂ ಮರೆಯಬಾರದು. ಬಂದ ಮೊದಲ ಮೂರು ತಿಂಗಳಲ್ಲಿ ಜ್ವರ ಬಂದರೆ ಅದೇ ದಿನ ಮಲೇರಿಯಾ ಪರೀಕ್ಷೆ, ಎಲ್ಲಿಂದ ಬಂದಿರಿ ಅನ್ನುವುದನ್ನು ಡಾಕ್ಟರಿಗೆ ಹೇಳಲೇಬೇಕು. ಕ್ಷಯದ ಸೋಂಕಿನ ಪರೀಕ್ಷೆಯನ್ನು ಬಂದ ಕೂಡಲೇ ಮಾಡಿಸಿ ನಿಶ್ಚಿಂತರಾಗಬೇಡಿ. ಸೋಂಕು ತಗುಲಿ ಎಂಟರಿಂದ ಹತ್ತು ವಾರ ಆಗುವವರೆಗೆ ಅದು ಕಾಣದೆ ಹೋಗಬಹುದು. ಎರಡು ತಿಂಗಳಾದ ಮೇಲೂ ನಿದ್ದೆ ಬಾರದಿದ್ದರೆ, ಕೆಲಸಕ್ಕೆ ಕೈ ಹತ್ತದಿದ್ದರೆ ಮನೋವೈದ್ಯರ ಹತ್ತಿರ ಹೋಗಿ. ನಾನು ಹೋದೆ, ಆರು ಸಲ.

ಕೆಲಸಕ್ಕೆ ಮರಳಿದ್ದು ಒಂದು ತಿಂಗಳಾದ ಮೇಲೆ. ಬೇಗ ಹೋಗಿದ್ದರೆ ರೋಗಿಗಳ ಸಣ್ಣಪುಟ್ಟ ದೂರುಗಳಿಗೆಲ್ಲ ಸಿಡುಕುತ್ತಿದ್ದೆ. ಇದಕ್ಕಿಂತ ಕಷ್ಟ ನೋಡಿ ಬಂದಿದ್ದೇನೆ ಅನ್ನುವ ತೂಕ ಒಳಗೆ ಇರುವಷ್ಟು ದಿನ ಇನ್ನೊಬ್ಬರ ನೋವು ಕಿವಿಗೆ ಬೀಳುವುದಿಲ್ಲ.

2021ರ ಮಾರ್ಚ್ 22ರಂದು ಶಿಬಿರಕ್ಕೆ ಬೆಂಕಿ ಬಿತ್ತು. ಬಾಲುಖಾಲಿ ಭಾಗದಲ್ಲಿ ಸಾವಿರಾರು ಗುಡಿಸಲು ಸುಟ್ಟವು. ಆ ಸಂಜೆ ಫೋನಿನಲ್ಲಿ ಹೊಗೆಯ ವಿಡಿಯೊಗಳನ್ನು ಒಂದರ ಮೇಲೊಂದು ನೋಡುತ್ತ ಕೂತಿದ್ದೆ, ಕೂಡಲೇ ಟಿಕೆಟ್ ತೆಗೆದುಬಿಡೋಣ ಅನ್ನಿಸಿತ್ತು. ಬದಲಿಗೆ ನಮ್ಮ ಮಾತು ತಿಳಿಸುತ್ತಿದ್ದ ಆ ರೋಹಿಂಗ್ಯಾ ಹುಡುಗಿಗೆ ಬರೆದೆ, ಹೇಗಿದ್ದೀಯ, ಏನು ಬೇಕು ಅಂತ. ಬೆಳಗಿನ ಜಾವ ಉತ್ತರ ಬಂತು. ಅವಳ ಮನೆಯವರು ಕ್ಷೇಮ. ರಿಜಿಸ್ಟರುಗಳು ಸುಟ್ಟಿವೆ, ಮಕ್ಕಳನ್ನು ಮೊದಲಿನಿಂದ ಪಟ್ಟಿ ಮಾಡಬೇಕು, ನಾವು ಬಳಸುತ್ತಿದ್ದ ಆ ನಮೂನೆ ನಿಮ್ಮ ಹತ್ತಿರ ಇದೆಯಾ ಆಪಾ, ಅಂತ ಕೇಳಿದ್ದಳು. ಹಳೆಯ ಲ್ಯಾಪ್‌ಟಾಪಿನಲ್ಲಿತ್ತು. ಹುಡುಕಿ, ಕಾಲಂಗಳನ್ನು ಒಮ್ಮೆ ಸರಿನೋಡಿ, ಬೆಳಕು ಹರಿಯುವ ಮುಂಚೆ ಕಳಿಸಿದೆ.