ಮನೆಯವರಿಗೂ ಕುರ್ಚಿ ಹಾಕಿದೆ

ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ಮಾನಸಿಕ ತೊಂದರೆ ಇರುವವರ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕಿ ನಾನು. ಬೆಂಗಳೂರಿನ ಜಯನಗರದ ನನ್ನ ಕೋಣೆಗೆ ಬರುವ ಅವರ ತಂದೆತಾಯಿ ಸಾಮಾನ್ಯವಾಗಿ ಮೊದಲು ಕೇಳುವುದು, ‘ಮೇಡಂ, ಇದೆಲ್ಲ ನಾಟಕನಾ?’ ಖಂಡಿತ ಅಲ್ಲ. ನಮಗೆ ಸಣ್ಣದೆನಿಸುವ ವಿಷಯಕ್ಕೂ ಈ ತೊಂದರೆ ಇರುವವರಲ್ಲಿ ನೋವು ಥಟ್ಟನೆ ಏರುತ್ತದೆ, ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಮಾತುಕತೆಯ ಚಿಕಿತ್ಸೆ ಇದಕ್ಕೆ ಉಪಯುಕ್ತ. ಪೂರ್ತಿ ಮಾಡಿಸಿದರೆ ವಾರಕ್ಕೊಂದು ವೈಯಕ್ತಿಕ ಭೇಟಿ, ಭಾವನೆಗಳನ್ನು ನಿಭಾಯಿಸುವ ಕೌಶಲ ಕಲಿಸುವ ವಾರಕ್ಕೊಂದು ತರಗತಿ, ಸುಮಾರು ಒಂದು ವರ್ಷ. ಆಗುವವರಿಗೆ ಅದನ್ನೇ ಹೇಳುತ್ತೇನೆ. ಆದರೆ ವೈಟ್‌ಫೀಲ್ಡಿನಿಂದ ಸಿಲ್ಕ್ ಬೋರ್ಡ್ ದಾಟಿ ಬರಬೇಕಾದ ಎಷ್ಟೋ ಜನರಿಗೆ ಅದು ಆಗದ ಮಾತು. ಬಂದವರೂ ವಾಪಸ್ ಹೋಗುವುದು ಅದೇ ಮನೆಗೆ. ಅದಕ್ಕೇ ಮನೆಯವರನ್ನು ಶನಿವಾರ ಸಂಜೆ ಕೂರಿಸಿ, ಈ ಕೌಶಲಗಳನ್ನು ಕನ್ನಡದಲ್ಲೇ ಕಲಿಸಲು ಶುರುಮಾಡಿದೆ.

ಹೆಚ್ಚು ಹೊತ್ತು ಹೋಗುವುದು ಒಂದೇ ಅಭ್ಯಾಸಕ್ಕೆ: ಬುದ್ಧಿ ಹೇಳುವ ಮೊದಲು ಎದುರಿನವರ ಭಾವನೆಯನ್ನು ಗುರುತಿಸುವುದು. ಒಬ್ಬರು ಮಗಳಾಗುತ್ತಾರೆ, ಇನ್ನೊಬ್ಬರು ಅಮ್ಮ. ‘ಅವನು ಮೆಸೇಜ್ ನೋಡಿಯೂ ಉತ್ತರ ಕೊಟ್ಟಿಲ್ಲ, ನನ್ನ ಬಿಟ್ಟುಹೋಗ್ತಾನೆ’ ಎಂದು ಮಗಳು ಅಳುತ್ತಾಳೆ. ‘ಅಷ್ಟಕ್ಕೆಲ್ಲ ಅಳ್ತಾರಾ, ಊಟ ಮಾಡಿ ಮಲಕ್ಕೋ’ ಎನ್ನುವುದು ಅಮ್ಮನ ನಾಲಿಗೆ ತುದಿಯಲ್ಲೇ ಇರುತ್ತದೆ. ಅದನ್ನು ನುಂಗಿ, ‘ಉತ್ತರ ಬರದೇ ಇದ್ದಾಗ ತುಂಬ ಭಯ ಆಯ್ತಾ?’ ಎನ್ನಬೇಕು. ಆಮೇಲೆ ಸುಮ್ಮನಿರಬೇಕು. ಅಪ್ಪಂದಿರಿಗೆ ಈ ಸುಮ್ಮನಿರುವುದೇ ಬಲು ಕಷ್ಟ. ‘ಹಾಗಾದ್ರೆ ಅವಳು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕಾ?’ ಎಂದು ಒಬ್ಬರು ಕೇಳಿದರು. ಬೇಡ. ಅವಳ ಭಯ ನಿಜ ಎಂದು ಒಪ್ಪಿಕೊಂಡೂ, ಮಧ್ಯರಾತ್ರಿ ಆ ಹುಡುಗನ ಮನೆಗೆ ಹೋಗಲು ಸ್ಕೂಟರ್ ಕೀ ಕೊಡದೇ ಇರಬಹುದು.

ಸಾವಿನ ಮಾತು ಬಂದರೆ ಮಾತ್ರ ಸುತ್ತಿ ಬಳಸುವುದು ಬೇಡ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಾತ್ರೆಗಳನ್ನು ಬೀಗ ಹಾಕಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಎಲ್ಲರ ಫೋನಿನಲ್ಲೂ ಇರಲಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಪೊಲೀಸ್ ಕೇಸಾಗುತ್ತದೆಂದು ಹೆದರಿ ಆಸ್ಪತ್ರೆಗೆ ಹೋಗಲು ಹಿಂಜರಿಯುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು, ಬೇರೆ ರೀತಿ ಸಾಬೀತಾಗದ ಹೊರತು, ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಆ ಭಾಗವನ್ನು ಗುಂಪಿನಲ್ಲಿ ಗಟ್ಟಿಯಾಗಿ ಓದಿಸುತ್ತೇನೆ.

ಅಕ್ಕ ತಮ್ಮಂದಿರು ಮಾತ್ರ ಇನ್ನೂ ಬರುತ್ತಿಲ್ಲ. ಮನೆಯ ಗಮನವೆಲ್ಲ ಒಬ್ಬರ ಮೇಲೇ ಇರುವಾಗ ಒಳಗೊಳಗೇ ಸೊರಗುವವರು ಅವರು. ಮುಂದಿನ ಗುಂಪು ಅವರಿಗೇ ಮೀಸಲು, ಕಾಲೇಜು ಆಫೀಸುಗಳ ರಗಳೆ ಇಲ್ಲದ ಭಾನುವಾರ ಬೆಳಗ್ಗೆ.