ಗ್ರಬ್‌ಗೆ ಓದಲು ಬಾರದ ಎಕ್ಸ್ಟ್4

ಹಳೇ ಲ್ಯಾಪ್‌ಟಾಪ್‌ಗೆ ಹೊಸ ಎಸ್‌ಎಸ್‌ಡಿ ಹಾಕುವ ಅರ್ಧ ಗಂಟೆಯ ಕೆಲಸ ನನ್ನ ಇಡೀ ಭಾನುವಾರ ನುಂಗಿತು. ಅದರಲ್ಲಿದ್ದದ್ದು ಡೆಬಿಯನ್ 11 ಎಂಬ ಹಳೇ ಲಿನಕ್ಸ್. ಕೈಗೆ ಸಿಕ್ಕಿದ ಆರ್ಚ್ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಹೊಸ ಡಿಸ್ಕಿನಲ್ಲಿ ಒಂದೇ ಎಕ್ಸ್ಟ್4 (ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಲಿನಕ್ಸ್ ಫೈಲ್‌ಸಿಸ್ಟಮ್) ಪಾರ್ಟಿಷನ್ ಮಾಡಿ, ಆರ್‌ಸಿಂಕ್‌ನಲ್ಲಿ ಎಲ್ಲವನ್ನೂ ನಕಲಿಸಿದೆ. ಕ್ರೂಟ್‌ನೊಳಗೆ, ಅಂದರೆ ನಕಲಿಸಿದ ಡೆಬಿಯನ್‌ನೊಳಗೇ ಹೋಗಿ, ಲಿನಕ್ಸನ್ನು ಬೂಟ್ ಮಾಡಿಸುವ ಗ್ರಬ್ ಕೂರಿಸಲು ಗ್ರಬ್-ಇನ್‌ಸ್ಟಾಲ್ ಓಡಿಸಿದರೆ ಒಂದೇ ಸಾಲಿನ ಉತ್ತರ: ‘ಅನ್‌ನೋನ್ ಫೈಲ್‌ಸಿಸ್ಟಮ್’.

ಅಪರಿಚಿತ ಹೇಗಾಗುತ್ತದೆ? ಅದೇ ಪಾರ್ಟಿಷನ್ನಿನ ಮೇಲೆ ಕೂತೇ ಆ ಕಮಾಂಡ್ ಕೊಟ್ಟಿದ್ದೆ. ಪಾರ್ಟಿಷನ್ ಯಾವ ಬಗೆಯದೆಂದು ಹೇಳುವ ಬಿಎಲ್‌ಕೆಐಡಿ ಕೂಡ ಎಕ್ಸ್ಟ್4 ಎಂದೇ ಹೇಳುತ್ತಿತ್ತು. ಡಿಸ್ಕೇ ಕೆಟ್ಟಿದೆ ಅಂದುಕೊಂಡು ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿ ಮತ್ತೆ ನಕಲಿಸಿದೆ. ಮತ್ತೆ ಅದೇ ಸಾಲು.

ಊಟ ಮುಗಿಸಿ ಬಂದು ಡಂಪ್‌ಇ2ಎಫ್‌ಎಸ್‌ನಲ್ಲಿ ಹಳೇ ಡಿಸ್ಕು, ಹೊಸ ಡಿಸ್ಕು ಎರಡರ ಫೀಚರ್ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಕಳ್ಳ ಸಿಕ್ಕಿಬಿದ್ದ. ಹೊಸದರಲ್ಲಿ ‘ಮೆಟಾಡೇಟಾ_ಸಿಸಮ್_ಸೀಡ್’, ‘ಆರ್ಫನ್_ಫೈಲ್’ ಎಂಬ ಎರಡು ಹೆಸರು ಹೆಚ್ಚಿಗೆ ಇದ್ದವು. ಎಕ್ಸ್ಟ್4 ಫಾರ್ಮ್ಯಾಟ್, ತಪಾಸಣೆಗಳ ಉಪಕರಣಗಳ ಕಟ್ಟು ಇ2ಎಫ್‌ಎಸ್‌ಪ್ರಾಗ್ಸ್; 2023ರಲ್ಲಿ ಬಂದ ಅದರ 1.47 ಇವೆರಡನ್ನೂ ಯಾರೂ ಕೇಳದೆಯೇ ಆನ್ ಮಾಡುತ್ತದೆ. ನಾನು ಫಾರ್ಮ್ಯಾಟ್ ಮಾಡಿದ್ದು ಆರ್ಚ್ ಪೆನ್‌ಡ್ರೈವ್‌ನ ಹೊಸ ಉಪಕರಣದಿಂದ. ಡೆಬಿಯನ್ 11ರ ಗ್ರಬ್ 2.06ಕ್ಕೆ ಮೊದಲನೆಯದರ ಪರಿಚಯವೇ ಇಲ್ಲ.

ಎಕ್ಸ್ಟ್4ನಲ್ಲಿ ಕೆಲವು ಫೀಚರ್‌ಗಳಿಗೆ ‘ಇನ್‌ಕಂಪ್ಯಾಟ್’ ಎಂಬ ಗುರುತು ಇರುತ್ತದೆ: ಇದು ಅರ್ಥವಾಗದವರು ಈ ಡಿಸ್ಕನ್ನು ಮುಟ್ಟಲೇಬೇಡಿ ಎಂದು. ಮೊದಲನೆಯ ಫೀಚರ್, ಸೀಡ್, ಆ ಗುಂಪಿನದು. ತಮಾಷೆಯೆಂದರೆ, ಆ ಸೀಡ್ ಬೇಕಾಗುವುದು ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ಪತ್ತೆಹಚ್ಚುವ ಸಂಖ್ಯೆ) ಲೆಕ್ಕಕ್ಕೆ. ಗ್ರಬ್ ಎಕ್ಸ್ಟ್4ನ ಚೆಕ್‌ಸಮ್ ನೋಡುವುದೇ ಇಲ್ಲ! ಓದಲು ಯಾವ ಅಡ್ಡಿಯೂ ಇರಲಿಲ್ಲ, ಬೋರ್ಡು ನೋಡಿಯೇ ಬಾಗಿಲಿನಿಂದ ವಾಪಸ್ ಹೋಗಿತ್ತು. ಗ್ರಬ್ 2.12ರಲ್ಲಿ ಸೇರಿದ ಪರಿಹಾರವೂ ಅಷ್ಟೇ, ‘ಕಂಡರೂ ಕಾಣದಂತಿರು’ ಎಂಬ ಪಟ್ಟಿಗೆ ಇನ್ನೊಂದು ಹೆಸರು.

ಪಾರ್ಟಿಷನ್ ಅನ್‌ಮೌಂಟ್ ಮಾಡಿ, ಫೀಚರ್‌ಗಳನ್ನು ಬದಲಿಸುವ ಟ್ಯೂನ್2ಎಫ್‌ಎಸ್‌ನಿಂದ ಸೀಡ್ ಮಾತ್ರ ತೆಗೆದೆ. ಗ್ರಬ್ ತೆಪ್ಪಗೆ ಕೂತಿತು, ಲ್ಯಾಪ್‌ಟಾಪ್ ಎದ್ದಿತು. ಆದರೆ ಬೂಟ್ ಆಗುವಾಗ ಡಿಸ್ಕ್ ತಪಾಸಣೆ ಮಾಡುವ ಡೆಬಿಯನ್‌ನ ಹಳೇ ಇ2ಎಫ್‌ಎಸ್‌ಸಿಕೆ ‘ಫೀಚರ್_ಸಿ12’ ಗೊತ್ತಿಲ್ಲ, ಹೊಸ ಇ2ಎಫ್‌ಎಸ್‌ಸಿಕೆ ತನ್ನಿ ಎಂದು ಗೊಣಗಿತು. ಆ ಸಿ12 ಬೇರೇನಲ್ಲ, ಆರ್ಫನ್_ಫೈಲ್. ಗ್ರಬ್‌ಗೆ ಅದರ ಗೊಡವೆ ಇಲ್ಲ, ಡಿಸ್ಕ್ ತಪಾಸಣೆಗೆ ಇದೆ. ಹಳೇ ಟ್ಯೂನ್2ಎಫ್‌ಎಸ್‌ಗೂ ಆ ಫೀಚರ್ ಗೊತ್ತಿಲ್ಲದ್ದರಿಂದ ಮತ್ತೆ ಆರ್ಚ್ ಪೆನ್‌ಡ್ರೈವ್ ಚುಚ್ಚಿಯೇ ಅದನ್ನು ಕಿತ್ತುಹಾಕಬೇಕಾಯಿತು.

ಇಂಥದೇ ಅಪಾಯ ಬೇರೆ ಕಡೆಯೂ ಇದೆ: ಮನೆಯ ಇನ್ನೊಂದು ಮೆಷಿನ್ನಿನಲ್ಲಿ ಝಡ್‌ಎಫ್‌ಎಸ್ ಎಂಬ ಬೇರೆ ಫೈಲ್‌ಸಿಸ್ಟಮ್ ಇದೆ. ಅಲ್ಲಿ ಡಿಸ್ಕ್ ಜಾಗವನ್ನು ಪೂಲ್‌ಗಳಾಗಿ ಇಡುತ್ತಾರೆ; ಬೂಟ್ ಪೂಲ್ ಬೇರೆ, ರೂಟ್ ಪೂಲ್ ಬೇರೆ. ಹೊಸ ಫೀಚರ್‌ಗಳಿವೆ, ಅಪ್‌ಗ್ರೇಡ್ ಮಾಡಿ ಎಂದು ಝಡ್‌ಪೂಲ್ ಸ್ಟೇಟಸ್ ಆಸೆ ತೋರಿಸುತ್ತದೆ. ರೂಟ್ ಪೂಲ್‌ಗಾದರೆ ಸರಿ, ಬೂಟ್ ಪೂಲ್‌ಗೆ ಹಾಗೆ ಮಾಡಿದರೆ ಗ್ರಬ್ ಅದನ್ನು ಓದಲಾರದೆ ನಿಲ್ಲಬಹುದು. ಓಪನ್‌ಝಡ್‌ಎಫ್‌ಎಸ್ 2.1ರಿಂದ, ಪೂಲನ್ನು ಆಯ್ದ ಫೀಚರ್‌ಗಳಿಗಷ್ಟೇ ಸೀಮಿತಗೊಳಿಸುವ ‘ಕಂಪ್ಯಾಟಿಬಿಲಿಟಿ’ ಎಂಬ ಗುಣ ಬಂದಿದೆ. ಬೂಟ್ ಪೂಲ್‌ಗೆ ಅದನ್ನು ‘ಗ್ರಬ್2’ ಎಂದು ಆ ಭಾನುವಾರ ರಾತ್ರಿಯೇ ಕೂರಿಸಿ ಮಲಗಿದೆ.